ಸಿದ್ಧ ಜಾಲತಾಣ: ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ‘ಸೈಟು’ ಎಂದರೆ ಹಿರಿಯರಿಗೆ ಮನೆ ಕಟ್ಟುವ ನಿವೇಶನ. ನಿಮಗೆ ವೆಬ್‌ಸೈಟು, ಅಂದರೆ ಜಾಲತಾಣ. ನಿವೇಶನ ಕೊಳ್ಳುವಾಗ ಹಿರಿಯರು ಖಾತೆ ಯಾರ ಹೆಸರಿನಲ್ಲಿದೆ, ಸಾಲವಿದೆಯೇ, ತಕರಾರಿದೆಯೇ ಎಂದು ಕೇಳುತ್ತಾರೆ. ಜಾಲತಾಣಕ್ಕೂ ಇವೇ ಪ್ರಶ್ನೆಗಳು ಸಲ್ಲುತ್ತವೆ.

ನಿಮ್ಮ ಮನೆಯಲ್ಲಿ ಮಂಡಕ್ಕಿ ವ್ಯಾಪಾರವಿದೆ ಎಂದುಕೊಳ್ಳಿ. ಕುರುಕಲು ತಿಂಡಿಗಳ ಒಂದು ಜಾಲತಾಣವನ್ನು ಅದರ ಒಡೆಯರು 60,000 ರೂಪಾಯಿಗೆ ಮಾರುತ್ತಿದ್ದಾರೆ. ಕೊಳ್ಳಬಹುದೇ?

ಮೊದಲು, ನಾವು ಕೊಳ್ಳುವುದು ಏನನ್ನು? ಜಾಲತಾಣದಲ್ಲಿ ಮೂರು ಭಾಗಗಳಿವೆ: ಅದರ ಹೆಸರು (ಡೊಮೇನ್), ಕಡತಗಳನ್ನು ಇಟ್ಟಿರುವ ಸರ್ವರ್‌ನ ಜಾಗ, ಮತ್ತು ಪುಟಗಳು. ಹೆಸರು ಯಾರಿಗೂ ಶಾಶ್ವತ ಸ್ವತ್ತಲ್ಲ. ಕಾಲಕಾಲಕ್ಕೆ ಶುಲ್ಕ ಕಟ್ಟಿ ನವೀಕರಿಸದಿದ್ದರೆ ಅದು ಕೈತಪ್ಪುತ್ತದೆ. ಸರ್ವರ್‌ನ ಜಾಗ ಸಾಮಾನ್ಯವಾಗಿ ಬಾಡಿಗೆಯದು.

ಸಿದ್ಧ ತಾಣದ ಅನುಕೂಲಗಳು ನಿಜವಾದವೇ. ಕಟ್ಟುವ ಶ್ರಮ ಉಳಿಯುತ್ತದೆ. ಓದುಗರು, ಗ್ರಾಹಕರು ಮೊದಲೇ ಇರುತ್ತಾರೆ. ಹಣ ಪಾವತಿಯಂಥ ವ್ಯವಸ್ಥೆ ಬಳಕೆಯಲ್ಲಿ ಪಳಗಿರುತ್ತದೆ.

ಇನ್ನು ಲೆಕ್ಕ ನೋಡೋಣ. ತಿಂಗಳಿಗೆ 3,000 ರೂಪಾಯಿ ವರಮಾನವಿದೆ ಎಂದು ಮಾರುವವರು ಹೇಳುತ್ತಾರೆ. ಹಾಗಾದರೆ 20 ತಿಂಗಳಲ್ಲಿ ಹಾಕಿದ ಹಣ ಮರಳಬೇಕು. ಆದರೆ ನವೀಕರಣಕ್ಕೂ ಸರ್ವರ್ ಬಾಡಿಗೆಗೂ ತಿಂಗಳಿಗೆ 500 ರೂಪಾಯಿ ತಗುಲಿದರೆ 24 ತಿಂಗಳು ಬೇಕು. ಒಡೆತನ ಬದಲಾದ ಮೇಲೆ ವರಮಾನ ಅರ್ಧಕ್ಕಿಳಿದರೆ? ಉಳಿಯುವುದು 1,000 ರೂಪಾಯಿ. ಹಣ ಮರಳಲು 60 ತಿಂಗಳು, ಅಂದರೆ ಐದು ವರ್ಷ! ಆದ್ದರಿಂದ ಬಾಯಿಮಾತಿನ ಲೆಕ್ಕ ಸಾಲದು. ಕನಿಷ್ಠ ಒಂದು ವರ್ಷದ ಬ್ಯಾಂಕ್ ವಿವರ ಕೇಳಿ ನೋಡಬೇಕು.

ಹೆಸರಿನ ತಕರಾರು ಇನ್ನೂ ದೊಡ್ಡದು. ಸತ್ಯಂ ಇನ್ಫೋವೇ ಸಂಸ್ಥೆ 1999ರಲ್ಲಿ ‘ಸಿಫಿ’ ಎಂಬ ಪದ ಸೇರಿದ ಡೊಮೇನ್ ಹೆಸರುಗಳನ್ನು ನೋಂದಾಯಿಸಿತ್ತು. ಸಿಫಿನೆಟ್ ಸಲ್ಯೂಷನ್ಸ್ ಎಂಬ ಇನ್ನೊಂದು ಸಂಸ್ಥೆ ಅದನ್ನೇ ಹೋಲುವ ಹೆಸರುಗಳನ್ನು ಬಳಸತೊಡಗಿತು. ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾದ ವ್ಯಾಜ್ಯ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ವ್ಯಾಪಾರ ಚಿಹ್ನೆಗಿರುವಂಥ ರಕ್ಷಣೆ ಡೊಮೇನ್ ಹೆಸರಿಗೂ ಉಂಟು ಎಂದು 2004ರಲ್ಲಿ ಆ ನ್ಯಾಯಾಲಯ ಹೇಳಿತು. ಅಲ್ಲಿ ಹೆಸರನ್ನು ಯಾರೂ ಮತ್ತೊಬ್ಬರಿಂದ ಕೊಂಡಿರಲಿಲ್ಲ, ನಿಜ. ಆದರೆ ಇನ್ನೊಬ್ಬರ ಹೆಸರನ್ನು ಹೋಲುವ ತಾಣವನ್ನು ನೀವು ಕೊಂಡರೆ ಅದರ ಜೊತೆಗೆ ವ್ಯಾಜ್ಯವನ್ನೂ ಕೊಂಡಂತಾಗಬಹುದು.

ಹಾಗಾದರೆ ಏನೇನು ಪರೀಕ್ಷಿಸಬೇಕು? ಡೊಮೇನ್ ಮಾರುವವರದೇ ಹೆಸರಿನಲ್ಲಿದೆಯೇ? ಅದು ನಿಮ್ಮ ಹೆಸರಿಗೆ ವರ್ಗವಾಗುವುದೆಂದು ಕರಾರಿನಲ್ಲಿ ಬರೆದಿದೆಯೇ? ಚಿತ್ರಗಳೂ ಬರಹಗಳೂ ಸ್ವಂತದ್ದೇ, ಬೇರೆಯವರಿಂದ ಕದ್ದದ್ದೇ? ತಾಣ ಹಿಂದೆ ಹೇಗಿತ್ತೆಂಬುದನ್ನು ‘ಇಂಟರ್ನೆಟ್ ಆರ್ಕೈವ್’ನಲ್ಲಿ ಶುಲ್ಕವಿಲ್ಲದೆ ಹುಡುಕಬಹುದು, ನಿನ್ನೆಯವರೆಗೆ ಜೂಜಿನ ಜಾಹೀರಾತು ಹಾಕುತ್ತಿದ್ದ ತಾಣವಾದರೆ ಅಲ್ಲಿಯೇ ಸಿಕ್ಕಿಬೀಳಬಹುದು. ಕನ್ನಡದ ಪುಟಗಳು ಯೂನಿಕೋಡ್‌ನಲ್ಲಿವೆಯೇ ಎಂದೂ ನೋಡಿ. ಹಳೆಯ ಅಕ್ಷರ ಸಂಕೇತದಲ್ಲಿದ್ದರೆ, ಹುಡುಕುವವರಿಗೆ ಅವು ದೊರೆಯುವುದು ಕಷ್ಟ.

ಶಾಲಾ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ: 18 ವರ್ಷ ತುಂಬದವರು ಮಾಡಿಕೊಂಡ ಕರಾರಿಗೆ ಕಾನೂನಿನ ಬಲವಿಲ್ಲ. ಹಿರಿಯರನ್ನು ಬಿಟ್ಟು ಹಣ ಕೊಡಬೇಡಿ.

ಈಗ ನಮ್ಮ ಮಂಡಕ್ಕಿ ಅಂಗಡಿಗೆ ಬರೋಣ. ಆ ತಾಣದ ಗ್ರಾಹಕರು ನಿಜವಾಗಿದ್ದು, ಕಾಗದಪತ್ರ ಸರಿಯಿದ್ದು, ವರಮಾನ ಅರ್ಧವಾದರೂ ತಾಳಿಕೊಳ್ಳುವ ಶಕ್ತಿ ಮನೆಗಿದ್ದರೆ ಕೊಳ್ಳಬಹುದು. ಬರಿಯ ಅಂದದ ಪುಟಗಳಿಗೆ 60,000 ರೂಪಾಯಿ ಕೊಡಬೇಕಿಲ್ಲ. 1993ರ ಏಪ್ರಿಲ್ 30ರಂದು ಜಿನೀವಾದ ಸರ್ನ್ ಪ್ರಯೋಗಾಲಯ ವೆಬ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟಿತು. 2003ರಲ್ಲಿ ಬಂದ ವರ್ಡ್‌ಪ್ರೆಸ್ ತಂತ್ರಾಂಶವೂ ಉಚಿತವೇ. ನಾಲ್ಕು ಪುಟಗಳ ತಾಣವನ್ನು ನೀವೇ ಕಟ್ಟಿ ನೋಡಿ. ಕಟ್ಟಲು ಕಲಿತವರನ್ನು ಮಾರುವವರು ಸುಲಭವಾಗಿ ಮೋಸಗೊಳಿಸಲಾರರು.