ವೆಲ್ಡಿಂಗ್ ಬೆಳಕು ಮತ್ತು ಕಣ್ಣಿನ ರಕ್ಷಣೆ: ಫೋಟಾನಿನ ಶಕ್ತಿಯ ಕುರಿತು ಮಾಹಿತಿ

ಶಹಾಬಾದ, ವಾಡಿ, ಸೇಡಂ ಹಾಗೂ ಚಿತ್ತಾಪುರ ಪ್ರದೇಶವು ಹಾಸುಗಲ್ಲು ಮತ್ತು ಸಿಮೆಂಟ್ ಉದ್ಯಮಗಳಿಗೆ ಹೆಸರಾಗಿದೆ. ಇಂತಹ ಪ್ರದೇಶದಲ್ಲಿ ಯಂತ್ರಗಳ ದುರಸ್ತಿಯಿಂದ ಮನೆಯ ಗೇಟಿನವರೆಗೆ ವಿದ್ಯುತ್ ವೆಲ್ಡಿಂಗ್ ಅನಿವಾರ್ಯ. ದೀಪದ ಬೆಳಕಿನಲ್ಲಿ ಗಂಟೆಗಟ್ಟಲೆ ಕುಳಿತರೂ ನೋಯದ ಕಣ್ಣು, ವೆಲ್ಡಿಂಗ್ ಕಿಡಿಯನ್ನು ಸ್ವಲ್ಪ ಹೊತ್ತು ನೋಡಿದರೂ ರಾತ್ರಿಯಿಡೀ ಉರಿಯುವುದೇಕೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆವೃತ್ತಿ ಮತ್ತು ತೀವ್ರತೆ

ಬೆಳಕು ಫೋಟಾನ್ ಎಂಬ ಶಕ್ತಿಯ ಕಣಗಳ ರೂಪದಲ್ಲಿ ವಸ್ತುವಿಗೆ ಶಕ್ತಿಯನ್ನು ನೀಡುತ್ತದೆ ಎಂಬುದನ್ನು ಐನ್‌ಸ್ಟೀನ್ ಅವರು 1905ರಲ್ಲಿ ಪ್ರತಿಪಾದಿಸಿದರು. ಒಂದು ಫೋಟಾನಿನ ಶಕ್ತಿಯು ಪ್ಲಾಂಕ್ ಸ್ಥಿರಾಂಕ ಮತ್ತು ಆವೃತ್ತಿಗಳ ಗುಣಲಬ್ಧವಾಗಿರುತ್ತದೆ. ಕೆಂಪು ಬೆಳಕಿನ ಆವೃತ್ತಿ ಸೆಕೆಂಡಿಗೆ ಸುಮಾರು 430 ಲಕ್ಷ ಕೋಟಿ. ಅದರ ಫೋಟಾನಿನ ಶಕ್ತಿ ಸುಮಾರು 1.8 ಎಲೆಕ್ಟ್ರಾನ್ ವೋಲ್ಟ್. ನೇರಳೆ ಬೆಳಕಿನಲ್ಲಿ ಇದು ಸುಮಾರು 3.1. ವೆಲ್ಡಿಂಗ್ ಕಿಡಿಯು ಹೊರಸೂಸುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಲ್ಲಿ 4ನ್ನೂ ಮೀರಬಹುದು.

ತೀವ್ರತೆ ಹೆಚ್ಚಿದರೆ ಅದೇ ಬಣ್ಣದ ಫೋಟಾನುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಒಂದೊಂದರ ಶಕ್ತಿ ಹೆಚ್ಚುವುದಿಲ್ಲ. ರೈಲು ನಿಲ್ದಾಣದ ತೂಕದ ಯಂತ್ರವು ನಿಗದಿತ ನಾಣ್ಯಕ್ಕೆ ಮಾತ್ರ ಚೀಟಿ ಕೊಡುತ್ತದೆ. ಚಿಲ್ಲರೆ ನಾಣ್ಯಗಳನ್ನು ಎಷ್ಟು ಹಾಕಿದರೂ ಕೊಡುವುದಿಲ್ಲ. ಅದರಂತೆಯೇ, ಕಣ್ಣಿನ ಹೊರಪಟಲದ ಜೀವಕೋಶಗಳ ಅಣುಬಂಧಗಳಿಗೆ ನೇರವಾಗಿ ಧಕ್ಕೆ ತರಲು ಪ್ರತಿ ಫೋಟಾನಿನಲ್ಲಿಯೂ ಸಾಕಷ್ಟು ಶಕ್ತಿಯಿರಬೇಕು. ದೀಪದ ಬೆಳಕಿನಲ್ಲಿ ಅಂತಹ ಫೋಟಾನುಗಳು ಅತ್ಯಲ್ಪ. ವೆಲ್ಡಿಂಗ್ ಕಿಡಿಯಲ್ಲಿ ಹೇರಳ. ಅತಿ ಪ್ರಖರ ಬೆಳಕು ಬೇರೆ ವಿಧದಲ್ಲಿಯೂ ಕಣ್ಣಿಗೆ ಹಾನಿ ಮಾಡಬಲ್ಲದು ಎಂಬುದನ್ನು ಮರೆಯಬಾರದು.

ದೂರ ನಿಂತವರ ವಿಷಯ

ಕಿಡಿಯಿಂದ ಎರಡು ಪಟ್ಟು ದೂರ ಸರಿದರೆ ಕಣ್ಣಿಗೆ ತಲಪುವ ಫೋಟಾನುಗಳ ಸಂಖ್ಯೆ ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ತಲಪಿದ ಪ್ರತಿಯೊಂದರ ಶಕ್ತಿಯೂ ಮೊದಲಿನಷ್ಟೇ ಇರುತ್ತದೆ. ಆದುದರಿಂದ ಅಂಗಡಿಯ ಮುಂದೆ ನಿಂತು ಬಹಳ ಹೊತ್ತು ನೋಡುವ ಮಕ್ಕಳೂ ಸುರಕ್ಷಿತರಲ್ಲ.

ಅನುಸರಿಸಬೇಕಾದ ಕ್ರಮಗಳು

1. ವಿದ್ಯುತ್ ಪ್ರವಾಹಕ್ಕೆ ತಕ್ಕ ಛಾಯಾ ಸಂಖ್ಯೆಯ (ಸಾಮಾನ್ಯವಾಗಿ 10ರಿಂದ 13) ಗಾಜುಳ್ಳ ಮುಖಕವಚವನ್ನೇ ಬಳಸುವುದು.

2. ಸಾಮಾನ್ಯ ಕಪ್ಪು ಕನ್ನಡಕವನ್ನು ನಂಬದಿರುವುದು. ಅದು ಕಾಣುವ ಬೆಳಕನ್ನು ತಗ್ಗಿಸಿದರೂ ನೇರಳಾತೀತ ಕಿರಣಗಳನ್ನು ತಡೆಯುವ ಖಾತ್ರಿ ಇರುವುದಿಲ್ಲ.

3. ಕೆಲಸದ ಸ್ಥಳದ ಸುತ್ತ ಪರದೆ ಕಟ್ಟುವುದು.

ಉರಿ, ನೀರು ಸುರಿಯುವಿಕೆ ಹಾಗೂ ಮರಳು ಬಿದ್ದಂತಹ ನೋವು ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ. ಕೂಡಲೇ ನೋವಾಗಲಿಲ್ಲವೆಂದು ನಿರ್ಲಕ್ಷಿಸದೆ, ಕಣ್ಣಿಗೆ ಮನೆಮದ್ದು ಹಾಕದೆ, ವೈದ್ಯರನ್ನು ಕಾಣಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.