ಬಿಟ್ಟಿ ಸ್ವೀಟ್: ಸಿಹಿ ಎಷ್ಟು, ಕಹಿ ಎಷ್ಟು?

ತರಕಾರಿ ತೂಗಿದ ಮೇಲೆ ಎರಡು ಹಸಿಮೆಣಸಿನಕಾಯಿ, ಒಂದು ಕಡ್ಡಿ ಕರಿಬೇವು ಕೊಸರು ಹಾಕದಿದ್ದರೆ ಗಿರಾಕಿ ಮುಖ ಗಂಟಿಕ್ಕುತ್ತಾನೆ. ನಾಳೆ ಪಕ್ಕದ ಅಂಗಡಿಗೆ ಹೋದರೂ ಹೋದನೇ. ಈ ಗುಟ್ಟು ಸಂತೆಯ ಅಜ್ಜಿಗೂ ಗೊತ್ತು, ಅಮೆರಿಕದ ಹೋಟೆಲು ಧಣಿಗಳಿಗೂ ಗೊತ್ತು. ವ್ಯತ್ಯಾಸ ಇಷ್ಟೇ: ಅಜ್ಜಿ ಕೊಸರನ್ನು ಚೀಲಕ್ಕೇ ಹಾಕುತ್ತಾಳೆ, ಹೋಟೆಲಿನವರು ಗಿರಾಕಿಯ ಖಾತೆಯಲ್ಲಿ ಬರೆದಿಡುತ್ತಾರೆ. ಹಾಗೆ ಬರೆದಿಟ್ಟ ಕೊಸರಿಗೇ ‘ಪಾಯಿಂಟು’ ಎಂದು ಹೆಸರು.

“ಪಾಯಿಂಟಿನ ಮೇಲೇ ದೊಡ್ಡ ಹೋಟೆಲಲ್ಲಿ ಸ್ವೀಟ್ ಸಿಕ್ತಂತೆ, ಒಂದು ಪೈಸೆ ಕೊಡಲಿಲ್ವಂತೆ!” ಬೆಂಗಳೂರಿಗೆ ಓಡಾಡುವ ಕಂಪನಿ ಪ್ರತಿನಿಧಿಗಳ ಬಾಯಲ್ಲಿ ಇಂಥ ಮಾತು ಈಗ ಮಾಮೂಲು. ಕೇಳಿದವರಿಗೆ ಹೊಟ್ಟೆಯಲ್ಲಿ ಸಣ್ಣ ಸಂಕಟ. ಸ್ವೀಟ್ ಎಂದರೆ ಮೈಸೂರು ಪಾಕಲ್ಲ. ಮಲಗುವ ಕೋಣೆ ಬೇರೆ, ಬಂದವರನ್ನು ಕೂರಿಸುವ ಹಜಾರ ಬೇರೆ ಇರುವ ದೊಡ್ಡ ಬಿಡಾರ. ಒಂದೇ ಕೋಣೆಯ ಮೂಲೆಗೆ ಸೋಫಾ ಇಟ್ಟು ‘ಜೂನಿಯರ್ ಸ್ವೀಟ್’ ಎಂದು ಕರೆಯುವವರೂ ಉಂಟು. ಹೆಸರು ನೋಡಿ ಮರುಳಾಗಬಾರದು.

ಈ ಕೊಸರಿನ ಕತೆ ಹಳೆಯದು. 1896ರಲ್ಲೇ ಅಮೆರಿಕದಲ್ಲಿ ಸ್ಪೆರಿ ಅಂಡ್ ಹಚಿನ್ಸನ್ ಕಂಪನಿ ಅಂಗಡಿಗಳ ಮೂಲಕ ಹಸಿರು ಚೀಟಿ ಹಂಚಲು ಶುರುಮಾಡಿತು. ಪುಸ್ತಕದಲ್ಲಿ ಚೀಟಿ ಅಂಟಿಸಿ ಕೂಡಿಟ್ಟರೆ ಪಾತ್ರೆ ಪಗಡಿ ಸಿಗುತ್ತಿತ್ತು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಹಾರಿದ ಮೈಲಿಗೆ ಲೆಕ್ಕ ಇಡತೊಡಗಿತು. 1983ರಲ್ಲಿ ಹಾಲಿಡೇ ಇನ್ ಮತ್ತು ಮ್ಯಾರಿಯಟ್, 1987ರಲ್ಲಿ ಹಯಾತ್ ಮತ್ತು ಹಿಲ್ಟನ್ ಅದೇ ದಾರಿ ಹಿಡಿದವು. ನಮ್ಮ ದೇಶದಲ್ಲಿ ತಾಜ್ ಹೋಟೆಲುಗಳಿಗೂ ಐ.ಟಿ.ಸಿ. ಹೋಟೆಲುಗಳಿಗೂ ಅವರವರದೇ ಸದಸ್ಯತ್ವವಿದೆ.

ಬಿಟ್ಟಿ ಕೊಟ್ಟರೆ ಹೋಟೆಲಿನವನಿಗೇನು ಲಾಭ? ಖಾಲಿ ಓಡಿದ ಬಸ್ಸಿನ ಸೀಟನ್ನು ಮಾರನೇ ದಿನ ಮಾರಲಾಗುವುದಿಲ್ಲ. ಕೋಣೆಯೂ ಹಾಗೆಯೇ, ರಾತ್ರಿ ಕಳೆದರೆ ಆ ದಿನದ ಬಾಡಿಗೆ ಹೋಯಿತು. ಬಾಡಿಗೆ ದುಬಾರಿಯಾದ್ದರಿಂದ ಎಷ್ಟೋ ರಾತ್ರಿ ಖಾಲಿ ಬೀಳುವುದು ಸ್ವೀಟುಗಳೇ. ಅದನ್ನು ಹಳೇ ಗಿರಾಕಿಗೆ ಕೊಟ್ಟರೆ ಅವನು ಇನ್ನೊಬ್ಬರ ಬಾಗಿಲು ತಟ್ಟುವುದಿಲ್ಲ. ಇನ್ನೊಂದು ಲೆಕ್ಕವೂ ಇದೆ. ಬುಕಿಂಗ್ ಕಂಪನಿಗಳ ಮೂಲಕ ಬಂದ ಗಿರಾಕಿಗೆ ಹೋಟೆಲು ದಲ್ಲಾಳಿ ತೆರಬೇಕು, ನೇರ ಬಂದವನಿಗೆ ಪಾಯಿಂಟು ಕೊಟ್ಟರೆ ಸಾಕು. ಆದ್ದರಿಂದಲೇ ದಲ್ಲಾಳಿ ಮೂಲಕ ಕೋಣೆ ಹಿಡಿದವರ ಖಾತೆಗೆ ಸಾಮಾನ್ಯವಾಗಿ ಪಾಯಿಂಟು ಬೀಳುವುದಿಲ್ಲ. ಎಷ್ಟೋ ಮಂದಿ ಎಡವುವುದು ಇಲ್ಲೇ.

ಸ್ವೀಟಿಗೆ ಹತ್ತಲು ಮೂರು ಮೆಟ್ಟಿಲು. ಮೊದಲನೆಯದು ದರ್ಜೆ. ಮ್ಯಾರಿಯಟ್‌ನಲ್ಲಿ ಪ್ಲಾಟಿನಂ ಆಗಲು ವರ್ಷಕ್ಕೆ 50 ರಾತ್ರಿ ಲೆಕ್ಕಕ್ಕೆ ಬರಬೇಕು. ಆದಮೇಲೂ ‘ಅಂದು ಖಾಲಿ ಇದ್ದರೆ’ ಎಂಬ ಷರತ್ತು ತಪ್ಪುವುದಿಲ್ಲ. ಎರಡನೆಯದು ಬಡ್ತಿ ಚೀಟಿ. ಮ್ಯಾರಿಯಟ್‌ನ ಚೀಟಿಗೆ ಉತ್ತರ ಬರುವುದು ಊರು ಬಿಡುವ ಕೆಲವೇ ದಿನ ಮುಂಚೆ. ಒಪ್ಪದಿದ್ದರೆ ಚೀಟಿ ಖಾತೆಗೆ ವಾಪಸು. ಹಯಾತ್‌ನ ಚೀಟಿ ಕೋಣೆ ಹಿಡಿಯುವಾಗಲೇ ಇತ್ಯರ್ಥ, ಒಂದು ಚೀಟಿಗೆ 7 ರಾತ್ರಿಯವರೆಗೆ ನಡೆಯುತ್ತದೆ. ಮೂರನೆಯದು ಪಾಯಿಂಟನ್ನೇ ಸುರಿದು ಸ್ವೀಟು ಕೊಳ್ಳುವುದು. ಖಚಿತ, ಆದರೆ ದುಬಾರಿ.

ಅಂಗಡಿ ಲೆಕ್ಕ ಗೊತ್ತಿದ್ದವರು ಇಲ್ಲಿ ಮೋಸ ಹೋಗಬೇಕಾಗಿಲ್ಲ. ಕೋಣೆಗೆ ನಗದು 12,000 ರೂಪಾಯಿ, ಪಾಯಿಂಟಾದರೆ 20,000 ಎಂದಿಟ್ಟುಕೊಳ್ಳಿ. ಭಾಗಿಸಿದರೆ ಪಾಯಿಂಟಿಗೆ 60 ಪೈಸೆ. ದಿನಕ್ಕೆ 7,500 ರೂಪಾಯಿ ಮೀರಿದ ಕೋಣೆಗೆ 18 ಪರ್ಸೆಂಟು ಜಿ.ಎಸ್.ಟಿ. ಇರುವುದರಿಂದ ನಗದಿನ ಬೆಲೆಗೆ ಅದನ್ನೂ ಸೇರಿಸಿ ಭಾಗಿಸಬೇಕು. ಆಗ 70 ಪೈಸೆ ದಾಟುತ್ತದೆ. ಅದೇ ಸ್ವೀಟಿಗೆ 80,000 ಪಾಯಿಂಟು ಕೇಳಿದರೆ? ನಾಲ್ಕು ರಾತ್ರಿಯ ಮಾಲನ್ನು ಒಂದು ರಾತ್ರಿಯ ಸೋಫಾಕ್ಕೆ ಸುರಿದಂತಾಯಿತು. ತಾಜ್ ಸೇರಿದಂತೆ ಟಾಟಾ ಬಳಗದಲ್ಲಿ ಓಡುವ ನ್ಯೂಕಾಯಿನ್‌ಗಾದರೋ ಒಂದಕ್ಕೆ ಒಂದು ರೂಪಾಯಿ, ತಲೆ ಕೆಡಿಸಿಕೊಳ್ಳುವಂಥದ್ದಿಲ್ಲ.

ಇನ್ನು ಕಹಿಯ ಮಾತು. ಪಾಯಿಂಟು ಬ್ಯಾಂಕಿನ ಠೇವಣಿಯಲ್ಲ. ಬಡ್ಡಿ ಇಲ್ಲ, ಭದ್ರತೆ ಇಲ್ಲ. 24 ತಿಂಗಳು ಖಾತೆ ಅಲುಗಾಡದಿದ್ದರೆ ಮ್ಯಾರಿಯಟ್‌ನ ಪಾಯಿಂಟು ಗಾಳಿಗೆ. ಹಾಲಿಡೇ ಇನ್ ಬಳಗದಲ್ಲಿ ಸಾಮಾನ್ಯ ಸದಸ್ಯರಿಗೆ 12 ತಿಂಗಳೇ ಗಡುವು. ಬೆಲೆ ಏರಿಸುವ ಹಕ್ಕೂ ಅವರದೇ. ಹಿಲ್ಟನ್ 2017ರಲ್ಲಿ, ಮ್ಯಾರಿಯಟ್ 2022ರಲ್ಲಿ ‘ಇಂಥ ಹೋಟೆಲಿಗೆ ಇಷ್ಟೇ ಪಾಯಿಂಟು’ ಎಂಬ ಪಟ್ಟಿಯನ್ನೇ ಕಿತ್ತುಹಾಕಿದವು. ಈಗ ಮದುವೆ ಸೀಸನ್ನಿಗೊಂದು ದರ, ಮಳೆಗಾಲಕ್ಕೊಂದು ದರ. ವರ್ಷಗಟ್ಟಲೆ ಕೂಡಿಟ್ಟವನು ಕಣ್ಣು ಬಿಡುವುದರೊಳಗೆ ಗಂಟು ಕರಗಿರುತ್ತದೆ. ಕೂಡಿಟ್ಟು ಕೊಳೆಸುವುದಕ್ಕಿಂತ ಬೇಗ ಉಣ್ಣುವುದು ಜಾಣತನ.

ಖಾತೆ ತೆರೆದವರ ವಿವರ ಕಳುವಾದದ್ದೂ ಉಂಟು. ಮ್ಯಾರಿಯಟ್ ಕೊಂಡಿದ್ದ ಸ್ಟಾರ್‌ವುಡ್ ಕಂಪನಿಯ ಬುಕಿಂಗ್ ದಾಖಲೆಗಳಿಗೆ 2014ರಿಂದಲೇ ಕನ್ನ ಬಿದ್ದಿದ್ದು 2018ರಲ್ಲಿ ಬಯಲಾಯಿತು. ಕೋಟಿಗಟ್ಟಲೆ ದಾಖಲೆ, ಲಕ್ಷಗಟ್ಟಲೆ ಪಾಸ್‌ಪೋರ್ಟ್ ನಂಬರು ಕಳ್ಳರ ಕೈ ಸೇರಿತು. 2020ರಲ್ಲಿ ಬ್ರಿಟನ್ 1.84 ಕೋಟಿ ಪೌಂಡು ದಂಡ ಹಾಕಿತು.

ನಮ್ಮ ಊರಿನ ಗಂಡಾಂತರ ಬೇರೆ ಬಗೆಯದು. “ನಿಮ್ಮ ಪಾಯಿಂಟು ಇವತ್ತೇ ಮುಗಿಯುತ್ತೆ, ಈ ಆ್ಯಪ್ ಹಾಕ್ಕೊಳ್ಳಿ ಸಾರ್” ಎಂದು ಮೊಬೈಲಿಗೆ ಬರುವ ಸಂದೇಶ. ದೊಡ್ಡ ಹೋಟೆಲಿನ ಮೆಟ್ಟಿಲು ಹತ್ತದವನಿಗೂ ಬ್ಯಾಂಕ್ ಕಾರ್ಡಿನ ಪಾಯಿಂಟಿನ ಹೆಸರಲ್ಲಿ ಬಲೆ ಬೀಸುತ್ತಾರೆ. ಒತ್ತಿದರೆ ಸ್ವೀಟಲ್ಲ, ಖಾತೆಯೇ ಖಾಲಿ. ಹಾಗೇನಾದರೂ ಆದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ಫೋನು ಮಾಡಬೇಕು. ತಡವಾದಷ್ಟೂ ಹಣ ದೂರ.

ಕಂಪನಿ ಖರ್ಚಿನಲ್ಲಿ ಹೇಗೂ ತಿರುಗಲೇಬೇಕಾದವನಿಗೆ ಈ ಕೊಸರು ಬಿಡಬಾರದ್ದೇ. ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳನ್ನು ಆ ಹಜಾರದಲ್ಲಿ ಕೂರಿಸಿದರೆ ಅದೂ ಒಂದು ಹಬ್ಬ. ಊಟದ ಬಿಲ್ಲು, ಬಟ್ಟೆ ಒಗೆತದ ಬಿಲ್ಲು ಬೇರೆ ಬರುತ್ತದೆಂಬುದು ನೆನಪಿದ್ದರಾಯಿತು. ಆದರೆ ಪಾಯಿಂಟಿಗೋಸ್ಕರವೇ ಸ್ವಂತ ದುಡ್ಡು ಸುರಿದು ಕೋಣೆ ಹಿಡಿಯುವವನ ವ್ಯಾಪಾರ ಯಾವ ಅಂಗಡಿಯಲ್ಲೂ ಗಿಟ್ಟುವುದಿಲ್ಲ. ಸ್ವೀಟಿನ ಆಸೆ ಪಡುವವರು ಇನ್ನೊಂದು ಲೆಕ್ಕವನ್ನೂ ಹಾಕಲಿ: ವರ್ಷಕ್ಕೆ 50 ರಾತ್ರಿ ಹೋಟೆಲಿನಲ್ಲಿ ಮಲಗಿದವನು ಆ 50 ರಾತ್ರಿಯೂ ಮನೆಯಲ್ಲಿ ಇರಲಿಲ್ಲ. ಅದಕ್ಕೆ ಯಾವ ಕಂಪನಿಯೂ ಪಾಯಿಂಟು ಕೊಡುವುದಿಲ್ಲ.