ಬ್ಯಾರಿ ಸ್ಯಾಂಡರ್ಸ್: ದಾಖಲೆಯ ಬೆನ್ನು ಹತ್ತದ ಓಟಗಾರ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವ ಆಟಗಾರನಿಗೆ ರನ್ನಿಂಗ್ ಬ್ಯಾಕ್ ಎಂದು ಹೆಸರು. ಈ ಜಾಗದಲ್ಲಿ ಆಡಿದ ಅತಿ ಚುರುಕಿನ ಓಟಗಾರರ ಸಾಲಿನಲ್ಲಿ ಬ್ಯಾರಿ ಸ್ಯಾಂಡರ್ಸ್ ಹೆಸರು ಮೊದಮೊದಲಿಗೇ ಬರುತ್ತದೆ. ಓಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಪರ 3 ಋತು, ಡೆಟ್ರಾಯಿಟ್ ಲಯನ್ಸ್ ತಂಡದ ಪರ 10 ಋತು ಆಡಿದ ಅವರು, ಆಟದ ಅತಿ ದೊಡ್ಡ ದಾಖಲೆ ಕೈಗೆಟಕುವಷ್ಟು ಹತ್ತಿರ ಇದ್ದಾಗಲೇ ನಿವೃತ್ತರಾದರು.

ಮೈದಾನದ ಉದ್ದ 100 ಗಜ, ಅಂದರೆ ಸುಮಾರು 91 ಮೀಟರ್. ಚೆಂಡು ಹೊಂದಿರುವ ತಂಡಕ್ಕೆ ನಾಲ್ಕು ಯತ್ನಗಳು ಸಿಗುತ್ತವೆ. ಅಷ್ಟರೊಳಗೆ ಕನಿಷ್ಠ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ. ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ತಂಡದ ನಾಯಕತ್ವ ವಹಿಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ದೂರಕ್ಕೆ ಎಸೆಯಬಹುದು ಅಥವಾ ಹಿಂದೆ ನಿಂತ ರನ್ನಿಂಗ್ ಬ್ಯಾಕ್ ಕೈಗೆ ಕೊಡಬಹುದು. ದೈತ್ಯ ದೇಹದ ಸಹ ಆಟಗಾರರು ಎದುರಾಳಿಗಳನ್ನು ತಡೆದು ಸಂದು ಮಾಡಿಕೊಟ್ಟರೆ ಆತ ಅದರಲ್ಲಿ ನುಸುಳಬೇಕು. ಹೀಗಾಗಿ ರನ್ನಿಂಗ್ ಬ್ಯಾಕ್‌ನ ಯೋಗ್ಯತೆಯನ್ನು ಅಳೆಯುವುದು ಅವನು ಗಳಿಸಿದ ಗಜಗಳಿಂದ. ಒಂದು ಓಟಕ್ಕೆ ಸರಾಸರಿ 4 ಗಜ ಬಂದರೆ ಒಳ್ಳೆಯ ಆಟ.

ಸ್ಯಾಂಡರ್ಸ್ ಹುಟ್ಟಿದ್ದು 1968ರ ಜುಲೈ 16ರಂದು, ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ. ತಂದೆ ಚಾವಣಿ ಕೆಲಸದವರು. ಮನೆಯಲ್ಲಿ ಹನ್ನೊಂದು ಮಕ್ಕಳು. ಶಾಲಾ ತಂಡದಲ್ಲಿ ಮುಖ್ಯ ಓಟಗಾರನ ಸ್ಥಾನ ಸಿಕ್ಕಿದ್ದು ಕೊನೆಯ ವರ್ಷದಲ್ಲಷ್ಟೇ. ಎತ್ತರ 5 ಅಡಿ 8 ಅಂಗುಲ ಮಾತ್ರ. ಈ ಆಟಕ್ಕೆ ಇಷ್ಟು ಗಿಡ್ಡ ಹುಡುಗ ಸಾಲದು ಎಂದುಕೊಂಡ ದೊಡ್ಡ ಕಾಲೇಜುಗಳು ಅವರತ್ತ ತಿರುಗಿಯೂ ನೋಡಲಿಲ್ಲ. ವಿದ್ಯಾರ್ಥಿವೇತನ ಕೊಡಲು ಮುಂದಾದ ಕೆಲವೇ ಸಂಸ್ಥೆಗಳಲ್ಲಿ ಓಕ್ಲಹೋಮ ಸ್ಟೇಟ್ ಒಂದು.

1986ರಲ್ಲಿ ಅಲ್ಲಿಗೆ ಸೇರಿದಾಗ ಮುಖ್ಯ ರನ್ನಿಂಗ್ ಬ್ಯಾಕ್ ಆಗಿದ್ದವರು ಥರ್ಮನ್ ಥಾಮಸ್. ಮುಂದೆ ಬಫಲೋ ಬಿಲ್ಸ್ ತಂಡದಲ್ಲಿ ಹೆಸರು ಮಾಡಿದ ಆಟಗಾರ ಅವರು. ಸ್ಯಾಂಡರ್ಸ್ ಎರಡು ವರ್ಷ ಥಾಮಸ್ ಬೆನ್ನ ಹಿಂದೆ ಕಾಯಬೇಕಾಯಿತು. ಆ ಅವಧಿಯಲ್ಲಿ ಅವರಿಗೆ ಹೆಚ್ಚಾಗಿ ಸಿಕ್ಕಿದ್ದು ಎದುರಾಳಿ ಒದ್ದ ಚೆಂಡನ್ನು ಹಿಡಿದು ವಾಪಸ್ ಓಡಿಬರುವ ಕೆಲಸ. 1987ರಲ್ಲಿ ಅದರಲ್ಲೇ ಇಡೀ ದೇಶದಲ್ಲಿ ಅತ್ಯುತ್ತಮ ಸರಾಸರಿ ಪಡೆದರು.

1988ರಲ್ಲಿ ಮುಖ್ಯ ಸ್ಥಾನ ತೆರವಾಯಿತು. ಆ ಋತುವಿನ 11 ಪಂದ್ಯಗಳಲ್ಲಿ ಸ್ಯಾಂಡರ್ಸ್ 344 ಬಾರಿ ಚೆಂಡು ಹಿಡಿದು 2,628 ಗಜ ಓಡಿದರು. ಓಟಕ್ಕೆ ಸರಾಸರಿ 7.6 ಗಜ. ನಾಲ್ಕು ಪಂದ್ಯಗಳಲ್ಲಿ 300 ಗಜ ದಾಟಿದರು. ಚೆಂಡನ್ನು ಎದುರಾಳಿಯ ಗೆರೆ ದಾಟಿಸುವ ಟಚ್‌ಡೌನ್‌ಗಳು ಒಟ್ಟು 39. ಋತುವಿನ ಕೊನೆಯ ಪಂದ್ಯ ನಡೆದದ್ದು ಜಪಾನಿನ ಟೋಕಿಯೊದಲ್ಲಿ, ಟೆಕ್ಸಸ್ ಟೆಕ್ ವಿರುದ್ಧ. ಕಾಲೇಜು ಫುಟ್‌ಬಾಲ್‌ನ ಪರಮೋಚ್ಚ ಗೌರವವಾದ ಹೈಸ್ಮನ್ ಟ್ರೋಫಿ ತಮಗೆ ಬಂದ ಸುದ್ದಿ ಅವರಿಗೆ ತಲುಪಿದ್ದೂ ಅಲ್ಲಿಯೇ. ಅದರ ಬೆನ್ನಲ್ಲೇ ಮೈದಾನಕ್ಕಿಳಿದು 332 ಗಜ ಓಡಿದರು. ತಂಡ 45-42ರಿಂದ ಗೆದ್ದಿತು. ಆ ಮೇಲೆ ನಡೆದ ಹಾಲಿಡೇ ಬೌಲ್ ಪಂದ್ಯದಲ್ಲಿ ವ್ಯೋಮಿಂಗ್ ವಿರುದ್ಧ ಇನ್ನೂ 222 ಗಜ ಗಳಿಸಿದರೂ, ಋತು ಮುಗಿದ ಮೇಲೆ ನಡೆಯುವ ಇಂಥ ಬೌಲ್ ಪಂದ್ಯಗಳನ್ನು ಲೆಕ್ಕಕ್ಕೆ ಸೇರಿಸುವ ಪದ್ಧತಿ ಆಗ ಇರಲಿಲ್ಲ. 2024ರಲ್ಲಿ ಬೋಯ್ಸಿ ಸ್ಟೇಟ್‌ನ ಆಷ್ಟನ್ ಜೆಂಟಿ 14 ಪಂದ್ಯಗಳಲ್ಲಿ 2,601 ಗಜ ಓಡಿ ಸಮೀಪ ಬಂದರಾದರೂ ಕಾಲೇಜು ಫುಟ್‌ಬಾಲ್‌ನ ಒಂದೇ ಋತುವಿನಲ್ಲಿ ಅತಿ ಹೆಚ್ಚು ಗಜ ಓಡಿದ ಸ್ಯಾಂಡರ್ಸ್ ದಾಖಲೆ ಮುರಿಯಲಿಲ್ಲ.

ಕಾಲೇಜಿನಲ್ಲಿ ಇನ್ನೂ ಒಂದು ವರ್ಷ ಬಾಕಿ ಇತ್ತು. ಆದರೆ ನಿಯಮ ಉಲ್ಲಂಘನೆಗಾಗಿ ಓಕ್ಲಹೋಮ ಸ್ಟೇಟ್ ತಂಡದ ಮೇಲೆ ಶಿಸ್ತುಕ್ರಮ ಜಾರಿಯಾದ್ದರಿಂದ ಅವರಿಗೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಸೇರಲು ವಿಶೇಷ ಅನುಮತಿ ಸಿಕ್ಕಿತು. 1989ರ ಆಯ್ಕೆ ಪ್ರಕ್ರಿಯೆಯಲ್ಲಿ ಡೆಟ್ರಾಯಿಟ್ ಲಯನ್ಸ್ ಅವರನ್ನು ಮೂರನೆಯವರಾಗಿ ಆರಿಸಿಕೊಂಡಿತು. ಮೊದಲ ಋತುವಿನಲ್ಲೇ 1,470 ಗಜ ಬಂದವು. ಕೊನೆಯ ಪಂದ್ಯದಲ್ಲಿ ಗೆಲುವು ಖಚಿತವಾಗಿದ್ದಾಗ, ಇನ್ನು ಸ್ವಲ್ಪ ಓಡಿದರೆ ಲೀಗ್‌ನ ಅಗ್ರ ಓಟಗಾರನ ಪಟ್ಟ ಸಿಗುತ್ತದೆಂದು ತರಬೇತುದಾರ ವೇಯ್ನ್ ಫಾಂಟಿಸ್ ಕೇಳಿದರು. ಸ್ಯಾಂಡರ್ಸ್ ಬೇಡವೆಂದರು. 10 ಗಜಗಳ ಅಂತರದಲ್ಲಿ ಆ ಪಟ್ಟ ಕ್ರಿಶ್ಚಿಯನ್ ಒಕೊಯೆ ಪಾಲಾಯಿತು. ಟಚ್‌ಡೌನ್ ಗಳಿಸಿದಾಗಲೂ ಕುಣಿದು ಸಂಭ್ರಮಿಸುವ ಅಭ್ಯಾಸ ಅವರಿಗಿರಲಿಲ್ಲ. ಚೆಂಡನ್ನು ಅಂಪೈರ್ ಕೈಗಿತ್ತು ನಡೆದುಬಿಡುತ್ತಿದ್ದರು.

ಓಟದ ಶೈಲಿಯೇ ಬೇರೆ. ತಂಡ ಚೆಂಡೆಸೆತದ ಆಟಕ್ಕೆ ಒತ್ತು ಕೊಟ್ಟಿದ್ದರಿಂದ ಅವರ ಮುಂದೆ ಓಡಿ ದಾರಿ ಬಿಡಿಸುವ ಹೆಚ್ಚುವರಿ ಆಟಗಾರ ಬಹುಪಾಲು ಇರುತ್ತಿರಲಿಲ್ಲ. ಸಂದು ಮುಚ್ಚಿಕೊಂಡರೆ ಅವರು ತಲೆಬಗ್ಗಿಸಿ ಢಿಕ್ಕಿ ಹೊಡೆಯದೆ ತಟ್ಟನೆ ನಿಲ್ಲುತ್ತಿದ್ದರು, ಹಿಂದಕ್ಕೆ ಸರಿದು ಮೈದಾನದ ಇನ್ನೊಂದು ಪಕ್ಕಕ್ಕೆ ಹೊರಳುತ್ತಿದ್ದರು. ಕಬಡ್ಡಿಯಲ್ಲಿ ಸುತ್ತುವರಿದ ಕೈಗಳಿಂದ ಮೈ ಜಾರಿಸಿಕೊಂಡು ಬರುವ ಆಟಗಾರನ ಹಾಗೆ. ಈ ವಿಧಾನದಲ್ಲಿ ಗಜ ಕಳೆದುಕೊಳ್ಳುವ ಅಪಾಯವೂ ಉಂಟು. 1994ರ ಋತುವಿನಲ್ಲಿ 1,883 ಗಜ ಗಳಿಸಿದ ಅವರು, ನಾಕೌಟ್ ಹಂತದಲ್ಲಿ ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧ 13 ಓಟಗಳಿಂದ ಒಟ್ಟಾರೆ ಒಂದು ಗಜ ಹಿಂದೆಯೇ ಉಳಿದರು.

1997 ಅವರ ಶ್ರೇಷ್ಠ ವರ್ಷ. ಮೊದಲ ಎರಡು ಪಂದ್ಯಗಳಲ್ಲಿ ಸೇರಿ ಬಂದದ್ದು 53 ಗಜ ಮಾತ್ರ. ಉಳಿದ 14 ಪಂದ್ಯಗಳಲ್ಲಿ ಒಂದನ್ನೂ ಬಿಡದೆ 100 ಗಜ ದಾಟಿದರು. ಟ್ಯಾಂಪಾ ಬೇ ವಿರುದ್ಧ ಒಂದೇ ದಿನ 80 ಮತ್ತು 82 ಗಜಗಳ ಎರಡು ಟಚ್‌ಡೌನ್ ಓಟ ಓಡಿದರು. ನ್ಯೂಯಾರ್ಕ್ ಜೆಟ್ಸ್ ವಿರುದ್ಧದ ಕೊನೆಯ ಪಂದ್ಯದಲ್ಲಿ 184 ಗಜ ಸೇರಿ ಋತುವಿನ ಮೊತ್ತ 2,053ಕ್ಕೆ ಏರಿತು. ಒಂದು ಋತುವಿನಲ್ಲಿ 2,000 ಗಜ ದಾಟಿದವರಲ್ಲಿ ಒ. ಜೆ. ಸಿಂಪ್ಸನ್, ಎರಿಕ್ ಡಿಕರ್ಸನ್ ನಂತರ ಅವರು ಮೂರನೆಯವರು. ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನು ಬ್ರೆಟ್ ಫಾರ್ವ್ ಜತೆ ಹಂಚಿಕೊಂಡರು.

ತಂಡದ ಸಾಧನೆ ಮಾತ್ರ ಅವರ ಸಾಧನೆಗೆ ಸರಿಗಟ್ಟಲಿಲ್ಲ. ಹತ್ತು ಋತುಗಳಲ್ಲಿ ಲಯನ್ಸ್ ಐದು ಸಲ ನಾಕೌಟ್ ಹಂತ ತಲುಪಿ, ಗೆದ್ದದ್ದು ಒಂದೇ ಪಂದ್ಯ: 1992ರ ಜನವರಿಯಲ್ಲಿ ಡಲ್ಲಾಸ್ ವಿರುದ್ಧ 38-6ರಿಂದ. 1998ರಲ್ಲಿ ತಂಡ 16ರಲ್ಲಿ 11 ಪಂದ್ಯ ಸೋತಿತು. ಮರುವರ್ಷ ಜುಲೈನಲ್ಲಿ, ಅಭ್ಯಾಸ ಶಿಬಿರದ ಹೊತ್ತಿಗೆ, ಸ್ಯಾಂಡರ್ಸ್ ತಮ್ಮೂರಿನ ವಿಚಿಟಾ ಈಗಲ್ ಪತ್ರಿಕೆಗೆ ಫ್ಯಾಕ್ಸ್ ಕಳಿಸಿ ನಿವೃತ್ತಿ ಪ್ರಕಟಿಸಿದರು. ವಯಸ್ಸು 31, ದೊಡ್ಡ ಗಾಯವೇನೂ ಇರಲಿಲ್ಲ. 15,269 ಗಜ ಗಳಿಸಿದ್ದ ಅವರಿಗೆ ವಾಲ್ಟರ್ ಪೇಟನ್ ಅವರ 16,726 ಗಜಗಳ ದಾಖಲೆ ಮುಟ್ಟಲು 1,457 ಗಜ ಸಾಕಿತ್ತು. ಹಿಂದಿನ ವರ್ಷ ಅವರು ಓಡಿದ್ದು 1,491. ತಂಡದ ಸೋಲಿನ ಸಂಸ್ಕೃತಿಯೇ ಆಟದ ಮೇಲಿನ ಆಸೆಯನ್ನು ಕುಂದಿಸಿತೆಂದು ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡರು.

ಪೇಟನ್ ದಾಖಲೆಯನ್ನು 2002ರಲ್ಲಿ ಎಮಿಟ್ ಸ್ಮಿತ್ ಮುರಿದು, 15 ಋತುಗಳಲ್ಲಿ 18,355 ಗಜಕ್ಕೆ ಒಯ್ದರು. ಸ್ಯಾಂಡರ್ಸ್ ಈಗ ಆ ಪಟ್ಟಿಯಲ್ಲಿ ನಾಲ್ಕನೆಯವರು. ಆದರೆ ಆಡಿದ ಹತ್ತೂ ಋತುಗಳಲ್ಲಿ 1,000 ಗಜ ದಾಟಿ, ಓಟಕ್ಕೆ 5 ಗಜಗಳ ಸರಾಸರಿ ಕಾಯ್ದುಕೊಂಡದ್ದು ಅವರ ಹಿರಿಮೆ. 2004ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವ ಸಂದಿತು. 2023ರಲ್ಲಿ ಲಯನ್ಸ್ ತಂಡ ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್ ಕ್ರೀಡಾಂಗಣದ ಹೊರಗೆ ಅವರ ಪ್ರತಿಮೆ ನಿಲ್ಲಿಸಿತು.